ಗೇಟಿನ ಮೇಲಿನ ಇಂಜಿನಿಯರ್

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ ಎಲ್ಲ ಊರಲ್ಲೂ ಇದ್ದಾರೆ. ಕೂಸು ಹುಟ್ಟುವುದೇ ಇಲ್ಲ ಎಂದು ಕಿವಿಯಾರೆ ಕೇಳಿದ ಮೇಲೂ ಕುಲಾವಿ ಹೊಲಿಸಿ, ಅದನ್ನು ಬೀದಿಗೆ ಕಾಣುವ ಹಾಗೆ ನೇತುಹಾಕಿದವರು ಮಾತ್ರ ನಮ್ಮ ಲೆಮೆರಿ ಊರಿನ ಮರಾಲಿಟ್ ಮನೆಯವರೊಬ್ಬರೇ.

ಆ ಬೆಳಿಗ್ಗೆ ನೆರ್ಲಿಂಡಾ ಕಾಲೇಜಿಗೆ ಹೊರಟು ಗೇಟು ಎಳೆದಳು. ಇದೇನು ಇವತ್ತು ಇಷ್ಟು ಬಿಗಿ ಎಂದುಕೊಂಡು ಹೊರಗೆ ಬಂದು ತಿರುಗಿ ನೋಡಿದರೆ, ಗೇಟಿನ ಅಗಲಕ್ಕೂ ಒಂದು ಫ್ಲೆಕ್ಸು. ಎಡಗಡೆ ಅವಳದೇ ಮುಖ. ಹೈಸ್ಕೂಲು ಮುಗಿಸಿದಾಗ ತೆಗೆಸಿದ್ದ ಫೋಟೋದ ತಲೆಗೆ ಪ್ರಿಂಟಿಂಗ್ ಅಂಗಡಿಯವನು ಕಂಪ್ಯೂಟರಿನಲ್ಲಿ ಒಂದು ಹಳದಿ ಹೆಲ್ಮೆಟ್ಟು ಕೂರಿಸಿದ್ದ. ಅದು ಕಿವಿಯ ಕಡೆಗೆ ವಾಲಿಕೊಂಡಿತ್ತು. ಬಲಗಡೆ, ಅವಳ ಮುಖದ ಎರಡರಷ್ಟು ದೊಡ್ಡದಾಗಿ, ಬರಂಗಾಯ್ ಕ್ಯಾಪ್ಟನ್ನನ, ಅಂದರೆ ನಮ್ಮ ವಾರ್ಡಿನ ಮುಖಂಡನ ಮುಖ. ಚುನಾವಣೆ ಹತ್ತಿರ ಬಂದಿತ್ತಲ್ಲ, ನಮ್ಮ ಬರಂಗಾಯ್‌ನಲ್ಲಿ ಯಾರ ಮನೆಯ ನಾಯಿ ಮರಿ ಹಾಕಿದರೂ ಕ್ಯಾಪ್ಟನ್, ಊರವರ ಬಾಯಲ್ಲಿ ‘ಕಪ್’, ಹಲ್ಲು ಕಿರಿದು ಅಭಿನಂದಿಸುವ ಕಾಲ. ಮೂಗಿಗಿಂತ ಮೂಗುತಿ ಭಾರ. ನಡುವೆ ಕೆಂಪಕ್ಷರದಲ್ಲಿ, ‘ನಮ್ಮ ಬರಂಗಾಯ್‌ನ ಹೆಮ್ಮೆ, ಇಂಜಿನಿಯರ್ ನೆರ್ಲಿಂಡಾ ಮರಾಲಿಟ್!’ ಕೆಳಗೆ ಮೂಲೆಯಲ್ಲಿ, ಬಗ್ಗಿ ನೋಡಿದರೆ ಮಾತ್ರ ಕಾಣುವ ಹಾಗೆ, ‘ಸದ್ಯದಲ್ಲೇ’.

ನೆರ್ಲಿಂಡಾಗೆ ಮೈಯೆಲ್ಲ ಉರಿದುಹೋಯಿತು. ಹಿಂದಿನ ವಾರವಷ್ಟೇ ಊಟಕ್ಕೆ ಕೂತಾಗ ಅಪ್ಪ ಅಮ್ಮ ಇಬ್ಬರ ಮುಂದೆಯೂ ಬಾಯಿಬಿಟ್ಟು ಹೇಳಿದ್ದಳು: ಇಂಜಿನಿಯರಿಂಗ್ ಮೂರನೇ ವರ್ಷಕ್ಕೇ ಬಿಡಬೇಕು ಅನ್ನಿಸಿದೆ, ಮನಿಲಾದ ಕಲಾಶಾಲೆಯ ಪರೀಕ್ಷೆಗೆ ಕೂತಿದ್ದೆ, ಸೀಟು ಸಿಕ್ಕಿದೆ, ತಿಂಗಳ ಕೊನೆಯೊಳಗೆ ಬರುತ್ತೇನೋ ಇಲ್ಲವೋ ಹೇಳಬೇಕು. ಅಪ್ಪ ಅನ್ನ ಕಲಸುತ್ತಲೇ ಇದ್ದ. ಅಮ್ಮ, ‘ಮೀನು ತಣ್ಣಗಾಗ್ತಿದೆ, ತಿನ್ನು’ ಅಂದಿದ್ದಳು. ಅಷ್ಟೇ. ಬೈದಿದ್ದರೆ ಜಗಳವಾಡಬಹುದಿತ್ತು. ಈಗ ನೋಡಿದರೆ ಅದರ ಉತ್ತರ ಗೇಟಿನ ಮೇಲೆ ನೇತಾಡುತ್ತಿತ್ತು. ಬೈಗುಳದಿಂದ ಕಟ್ಟಿಹಾಕಲಾಗದವರನ್ನು ಅಭಿನಂದನೆಯಿಂದ ಕಟ್ಟಿಹಾಕುವ ವಿದ್ಯೆ ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ.

ಅದಕ್ಕಿಂತ ಹೆಚ್ಚು ಉರಿಸಿದ್ದು ಇನ್ನೊಂದು. ಫ್ಲೆಕ್ಸು ಒಂದು ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. ನಾಲ್ಕೂ ಮೂಲೆ ಎಳೆದು, ಸುಕ್ಕಿಲ್ಲದಂತೆ, ತಂತಿಯ ತುದಿಯನ್ನು ಹಿಂದಕ್ಕೆ ಮಡಿಸಿ ಕಟ್ಟಿತ್ತು. ಹಾಗೆ ಕಟ್ಟುವವನು ಲೆಮೆರಿಯಲ್ಲಿ ಒಬ್ಬನೇ ಇದ್ದ.

ಅವಳ ಅಪ್ಪ ನೆಸ್ತೋರ್ ಒಂದು ಕಾಲಕ್ಕೆ ಊರಿನ ಬೋರ್ಡುಗಳನ್ನೆಲ್ಲ ಬರೆದವನು. ಬಾಡಿಗೆಗೆ ಓಡುವ ಜೀಪ್ನಿಗಳ ಹಣೆಯ ಮೇಲಿನ ಸಂತರ ಹೆಸರು, ಬೇಕರಿ, ಕ್ಷೌರದಂಗಡಿ, ಶವಪೆಟ್ಟಿಗೆ ಮಾರುವವನ ಬಾಗಿಲು, ಎಲ್ಲದರಲ್ಲೂ ಅವನ ಕೈ. ‘ಮರಾಲಿಟ್ ಬರೆದ್ರೆ ಸತ್ತೋನಿಗೂ ಪೆಟ್ಟಿಗೆ ಕೊಳ್ಳೋಣ ಅನ್ಸುತ್ತೆ’ ಅಂತ ಜನ ನಗುತ್ತಿದ್ದರು. ಆಮೇಲೆ ಪೇಟೆಗೆ ಫ್ಲೆಕ್ಸ್ ಮೆಷಿನ್ನು ಬಂತು. ಒಂದು ಮಧ್ಯಾಹ್ನ ಹೇಳಿದರೆ ಸಂಜೆಗೆ ಬೋರ್ಡು ಸಿದ್ಧ. ನೆಸ್ತೋರ್‌ನ ಹತ್ತಿರ ಬರೆಸುವವರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಬಂದು ಹೇಳಿ ನಿಲ್ಲಿಸಿದ್ದರೆ ಒಂದು ಮರ್ಯಾದೆ, ಅದೂ ಇಲ್ಲ. ಅವನು ಟ್ರೈಸಿಕಲ್, ಅಂದರೆ ಪಕ್ಕಕ್ಕೆ ಸವಾರಿ ಗಾಡಿ ಜೋಡಿಸಿದ ಬಾಡಿಗೆ ಮೋಟಾರ್ ಸೈಕಲ್ಲು, ಓಡಿಸತೊಡಗಿದ. ಫ್ಲೆಕ್ಸ್ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ತಪ್ಪದೆ ಥೂ ಎಂದು ಉಗಿಯುತ್ತಿದ್ದ. ಸವಾರಿ ಕೂತವರು ಪಾದ್ರಿಯಾದರೂ ಸರಿ, ಉಗಿಯುವುದು ಉಗಿಯುವುದೇ. ಆ ಮನುಷ್ಯ ತನ್ನ ಕೈಯಾರೆ ಮಗಳನ್ನು ಫ್ಲೆಕ್ಸಿನಲ್ಲಿ ಹಾಕಿ ಗೇಟಿಗೆ ಕಟ್ಟಿದ್ದ.

ಸಂಜೆ ಮನೆಗೆ ಬಂದವಳು ಆಶೀರ್ವಾದಕ್ಕೆಂದು ಅಪ್ಪನ ಕೈಯನ್ನು ಹಣೆಗೆ ಒತ್ತಿಕೊಳ್ಳಲಿಲ್ಲ. ಹುಟ್ಟಿದಂದಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ನೆಸ್ತೋರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಗೆ ಒರೆಸಿಕೊಂಡ.

‘ಅದನ್ನ ಯಾಕೆ ಕಟ್ಟಿದ್ರಿ?’

‘ಕಪ್ ಕಡೆಯವರು ತಂದು ಕೊಟ್ರು. ನಿಮ್ಮಮ್ಮ ಕಟ್ಟು ಅಂದ್ಲು. ಅವ್ರು ಹೇಗೆ ಕಟ್ತಿದ್ರೋ ಏನೋ, ಸೊಟ್ಟಪಟ್ಟ...’ ಎಂದು ಗೇಟಿನ ಕಡೆ ನೋಡಿ, ‘ಅಕ್ಷರಾನೂ ಚೆನ್ನಾಗಿಲ್ಲ. ಒಂದಕ್ಕೊಂದು ಅಂಟ್ಕೊಂಡಿದೆ’ ಅಂದ.

‘ಅಕ್ಷರ ಹಾಳಾಗ್ಲಿ ಅಪ್ಪಾ! ನಾನು ಹೋದ ವಾರ ಏನು ಹೇಳ್ದೆ?’

ಒಳಗೆ ಅಮ್ಮ ಮೆರ್ಲಿಂಡಾ ಬೆಳ್ಳುಳ್ಳಿ ಜಜ್ಜುತ್ತಿದ್ದಳು. ಪೇಟೆಯಲ್ಲಿ ಅವಳದು ಲೊಂಗನಿಸಾ ಅಂಗಡಿ. ಕೊಚ್ಚಿದ ಹಂದಿಮಾಂಸಕ್ಕೆ ಬೆಳ್ಳುಳ್ಳಿ ವಿನಿಗರ್ ಸೇರಿಸಿ ಕರುಳಿಗೆ ತುಂಬಿ, ಗೇಣು ಗೇಣಿಗೆ ಗಂಟು ಹಾಕಿ ಮಾಲೆಯಂತೆ ಇಳಿಬಿಡುತ್ತಿದ್ದಳು. ಅವಳ ಬಾಯಿಯೂ ಬೆಳ್ಳುಳ್ಳಿಯಷ್ಟೇ ಖಾರ. ಜಜ್ಜುವುದನ್ನು ನಿಲ್ಲಿಸದೆಯೇ ಅಂದಳು:

‘ಹೇಳ್ದೆ, ಕೇಳಿಸ್ಕೊಂಡೆ. ಚಿತ್ರ ಬರೆಯೋದು ಕಲಿಯೋಕೆ ಮನಿಲಾಗೆ ಹೋಗ್ಬೇಕಾ? ನಿಮ್ಮಪ್ಪ ಯಾವ ಶಾಲೆಗೂ ಹೋಗ್ದೆ ಬರೆದ. ಬರೆದು ಏನಾದ? ಕೇಳು, ಅಲ್ಲೇ ಕೂತಿದ್ದಾನೆ.’

‘ಅಪ್ಪಂದು ಬೇರೆ, ನಂದು ಬೇರೆ.’

‘ಏನೇ ಬೇರೆ? ಅದೇ ಕೈ, ಅದೇ ಹುಚ್ಚು. ಪರೀಕ್ಷೆಗೆ ಏನು ಬರೆದೆಯಂತೆ?’

‘ನಿನ್ನ ಕೈ. ಲೊಂಗನಿಸಾ ಗಂಟು ಹಾಕೋ ಕೈ.’

ಮೆರ್ಲಿಂಡಾ ಒಮ್ಮೆ ತನ್ನ ಬೆರಳು ನೋಡಿಕೊಂಡಳು. ‘ಬೆಳ್ಳುಳ್ಳಿ ನಾತ ಹೊಡೆಯೋ ಈ ಕೈ ನೋಡಿ ಸೀಟು ಕೊಟ್ರಾ? ಅಂಥ ಶಾಲೆಗೆ ಹೋಗ್ತೀಯಾ? ಬೇಕಾದ್ರೆ ಅವ್ರನ್ನೇ ಇಲ್ಲಿಗೆ ಕಳ್ಸು, ದಿನಾ ತೋರಿಸ್ತೀನಿ.’

ನೆಸ್ತೋರ್‌ಗೆ ನಗು ಬಂತು. ಹೆಂಡತಿ ನೋಡಿದ ನೋಟಕ್ಕೆ ನಗು ನುಂಗಿಕೊಂಡ. ನೆರ್ಲಿಂಡಾಗೆ ಅವನು ನಕ್ಕದ್ದಕ್ಕಿಂತ ನುಂಗಿಕೊಂಡದ್ದಕ್ಕೆ ಹೆಚ್ಚು ಸಿಟ್ಟು ಬಂತು.

ನಿಜ ಹೇಳಬೇಕೆಂದರೆ ಅವಳಿಗೇ ಇನ್ನೂ ಗಟ್ಟಿಯಾಗಿರಲಿಲ್ಲ. ಕಾಲೇಜಿನಲ್ಲಿ ಫೇಲಾಗುತ್ತಿದ್ದರೆ ಬಿಡುವುದು ಸುಲಭವಿತ್ತು. ಅವಳು ಪಾಸಾಗುತ್ತಲೇ ಇದ್ದಳು. ತೊಲೆಯ ನಕ್ಷೆ ಬರೆ ಎಂದರೆ ಅದಕ್ಕೆ ನೆರಳೂ ಬರೆಯುತ್ತಿದ್ದಳು. ‘ನೆರಳು ಯಾರು ಕೇಳಿದ್ರು, ಲೆಕ್ಕ ಎಲ್ಲಿ?’ ಎಂದು ಮೇಷ್ಟ್ರು ಬೈದರೆ, ಲೆಕ್ಕವನ್ನೂ ಬರೆದು ಕೊಡುತ್ತಿದ್ದಳು. ಆದರೆ ಆ ಲೆಕ್ಕ ಯಾವತ್ತೂ ಅವಳನ್ನು ಹಿಡಿದು ಕೂರಿಸಲಿಲ್ಲ, ನೆರಳು ಕೂರಿಸಿತು. ಹಾಗಂತ ಹೊರಟುಬಿಡೋಣವೆಂದರೆ ಕಣ್ಣೆದುರಿಗೆ ಅಪ್ಪ ಇದ್ದ, ನಲವತ್ತಕ್ಕೇ ಕುಂಚ ಕೆಳಗಿಟ್ಟು ಟ್ರೈಸಿಕಲ್ ಹತ್ತಿದ ಅಪ್ಪ. ನೆಸ್ತೋರ್‌ನ ತುಣುಕೊಂದು, ಮೆರ್ಲಿಂಡಾಳ ತುಣುಕೊಂದು ಸೇರಿಸಿ ಅವಳಿಗೆ ಹೆಸರಿಟ್ಟಿದ್ದರು. ಹೆಸರಿನಲ್ಲಿ ಪಾಲು ತೆಗೆದುಕೊಂಡವರು ಬದುಕಿನಲ್ಲೂ ಪಾಲು ಕೇಳುತ್ತಿದ್ದರು, ಅವಳಿಗೆ ಇಲ್ಲ ಎನ್ನಲೂ ಆಗುತ್ತಿರಲಿಲ್ಲ.

ಇಷ್ಟರಲ್ಲಿ ಬೀದಿಗೆ ಹೊಸ ಆಟ ಸಿಕ್ಕಿತು. ನಮ್ಮ ಜನಕ್ಕೆ ಹೆಸರಿಗಿಂತ ಹುದ್ದೆ ರುಚಿ. ವಕೀಲನನ್ನು ವಕೀಲರೇ ಅನ್ನದೆ ಕರೆದರೆ ನಾಲಿಗೆಗೆ ಉಪ್ಪು ಸಾಲದು. ಫ್ಲೆಕ್ಸ್ ಹತ್ತಿದ ದಿನದಿಂದ ನೆರ್ಲಿಂಡಾ ಎಂಬ ಹೆಸರೇ ಬೀದಿಯಿಂದ ಎದ್ದುಹೋಯಿತು. ಟ್ರೈಸಿಕಲ್ ನಿಲ್ದಾಣದ ಗಂಡಸರು ಎದ್ದು ನಿಂತು ಸಲಾಮು ಹೊಡೆದರು. ‘ಇಂಜಿನಿಯರ್, ನಮ್ಮ ಹೆಂಡ್ತಿ ಬಾಯಿಗೊಂದು ಸೇತುವೆ ಕಟ್ಕೊಡಮ್ಮ, ಮಾತು ನಮ್ಮನ್ನ ಬಿಟ್ಟು ಆಚೆ ದಡಕ್ಕೆ ಹೋಗ್ಲಿ!’ ಬರಾಕೋ ಕಾಫಿ ಮಾರುವವಳು, ‘ಇಂಜಿನಿಯರ್‌ಗೆ ಸಕ್ಕರೆ ಎಷ್ಟು?’ ಅಂದಳು. ‘ನನ್ನ ಹೆಸರು ನೆರ್ಲಿಂಡಾ’ ಎಂದು ಇವಳು ಹಲ್ಲು ಕಚ್ಚಿ ಹೇಳಿದರೆ, ‘ಆಹಾ, ಒಂಚೂರೂ ಜಂಬ ಇಲ್ಲ ನೋಡಿ’ ಅಂತ ಇನ್ನೊಂದು ಹೊಗಳಿಕೆ.

ಹೀಗಿರುವಾಗ, ಬೀದಿಯೆಲ್ಲ ಮರ್ಯಾದೆಯಿಂದ ‘ಆಲಿಂಗ್’ ಎಂದು ಕರೆಯುವ ಮುದುಕಿ, ಆಲಿಂಗ್ ಪಾಸಿಂಗ್, ಅವಳನ್ನು ಕರೆದಳು. ಬೀದಿಯ ತಿರುವಿನಲ್ಲಿ ಅವಳ ಲೋಮಿ ಅಂಗಡಿ. ಬಟಾಂಗಸ್ ಸೀಮೆಯಲ್ಲಿ ಲೋಮಿ ಉಣ್ಣದೆ ಬೆಳೆದವರಿಲ್ಲ, ಈ ಬೀದಿಯಲ್ಲಿ ಅವಳ ಕೈಯ ಆ ಗಟ್ಟಿ ಶಾವಿಗೆ ಸಾರು ಕುಡಿಯದೆ ಬೆಳೆದವರಿಲ್ಲ. ಅಡಿಗೆಮನೆಯ ತಗಡಿನ ಮಾಡಿನ ಮೇಲೆ ದೊಡ್ಡ ನೀರಿನ ಟ್ಯಾಂಕು ಕೂರಿಸಬೇಕೆಂಬುದು ಅವಳ ಆಸೆ.

‘ಬಾಮ್ಮ ಇಂಜಿನಿಯರ್. ಈ ತೆಂಗಿನ ತೊಲೆ ನೋಡು. ಟ್ಯಾಂಕು ತಡೆಯುತ್ತಾ?’

‘ನಾನು ಇಂಜಿನಿಯರ್ ಅಲ್ಲ ಆಲಿಂಗ್ ಪಾಸಿಂಗ್.’

‘ಆಗ್ತೀಯಲ್ಲ.’

‘ಆಗೋದೂ ಗೊತ್ತಿಲ್ಲ. ಈ ತೊಲೆ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಬಲ್ಲವರನ್ನ ಕರೆಸಿ ಕೇಳಿ. ನನ್ನ ಮಾತು ನಂಬಿ ಏನೂ ಇಡ್ಬೇಡಿ, ದಮ್ಮಯ್ಯ.’

‘ಅಯ್ಯೋ, ಏನು ವಿನಯ! ನಮ್ಮ ಮೆರ್ಲಿಂಡಾ ಹೊಟ್ಟೇಲಿ ಇಂಥ ಮಗು ಹೇಗೆ ಹುಟ್ತೋ!’ ಎಂದು ಆಲಿಂಗ್ ಪಾಸಿಂಗ್ ಅವಳ ಗಲ್ಲ ಹಿಂಡಿ ಒಂದು ಬಟ್ಟಲು ಲೋಮಿ ಮುಂದಿಟ್ಟಳು. ನೆರ್ಲಿಂಡಾ ಅದನ್ನು ಮುಟ್ಟದೆ ಎದ್ದುಹೋದಳು.

ಮುದುಕಿಗೆ ಸ್ವಲ್ಪ ಅನುಮಾನ ಬಂದಿರಬೇಕು. ಮಾರನೆಯ ದಿನ ಪೇಟೆಗೆ ಹೋದವಳು ಮೆರ್ಲಿಂಡಾಳ ಅಂಗಡಿಯ ಮುಂದೆ ನಿಂತು, ಸುತ್ತ ನಾಲ್ಕು ಜನ ಕೇಳುವ ಹಾಗೆ, ‘ನಿನ್ನ ಮಗಳು ತನಗೆ ಗೊತ್ತಿಲ್ಲ ಅಂತಾಳಲ್ಲೇ’ ಅಂದಳು. ಈ ಮಾತು ನೆರ್ಲಿಂಡಾಗೆ ಆಗ ಗೊತ್ತಾಗಲಿಲ್ಲ. ಅಮ್ಮ ಕೊಟ್ಟ ಉತ್ತರವೂ ಗೊತ್ತಾಗಲಿಲ್ಲ. ಗೊತ್ತಾದದ್ದು ಟ್ಯಾಂಕು ಬಿದ್ದ ಮೇಲೆ.

ಟ್ಯಾಂಕು ಕೂರಿಸಿದ ಮಾರನೆಯ ಬೆಳಿಗ್ಗೆ, ಅಂಗಡಿ ತೆರೆಯುವ ಹೊತ್ತಿಗೆ ಬಿತ್ತು. ಟ್ಯಾಂಕು ಬಾಯಿತುಂಬ ನೀರಿತ್ತು. ತೊಲೆ ಮುರಿದು, ತಗಡು ಸೀಳಿ, ನೇರ ಒಲೆಯ ಮೇಲೆ ಕೂತಿತು. ಕುದಿಯುತ್ತಿದ್ದ ಲೋಮಿಯ ಹಂಡೆ ಉರುಳಿ ಆಲಿಂಗ್ ಪಾಸಿಂಗ್‌ಳ ಬಲಗೈ ಮೊಣಕೈವರೆಗೂ ಬೆಂದುಹೋಯಿತು. ಗಿರಾಕಿಗಳು ಇನ್ನೂ ಬಂದಿರಲಿಲ್ಲ, ಪುಣ್ಯ. ಆಸ್ಪತ್ರೆಯಿಂದ ಕೈಗೆ ಪಟ್ಟಿ ಸುತ್ತಿಸಿಕೊಂಡು ಅವಳು ವಾಪಸು ಬಂದಾಗ ಇಡೀ ಬೀದಿ ಅಂಗಡಿಯ ಮುಂದೆ ನೆರೆದಿತ್ತು. ಕಪ್ ಬಂದ, ಮುರಿದ ಮಾಡಿನ ಕಡೆ ಒಂದು ಸಲ, ಮರಾಲಿಟ್ ಗೇಟಿನ ಕಡೆ ಎರಡು ಸಲ ನೋಡಿದ. ಜನ ಇನ್ನೂ ಲೊಚಗುಟ್ಟುತ್ತಿರುವಾಗಲೇ ಅವನ ಕಡೆಯವರು ತಂತಿ ಕತ್ತರಿಸಿ ಫ್ಲೆಕ್ಸನ್ನು ಸುರುಳಿ ಸುತ್ತಿಕೊಂಡು ಹೋದರು. ಅವನಿಗೆ ಮುದುಕಿಯ ಕೈಗಿಂತ ತನ್ನ ಮೋರೆ ಮುಖ್ಯ.

‘ಇಂಜಿನಿಯರ್ ನೋಡಿದ್ಲಲ್ಲ ಇದನ್ನ?’ ಎಂದು ಯಾರೋ ಅಂದರು.

‘ನೋಡಿದ್ಲು’ ಎಂದಳು ಆಲಿಂಗ್ ಪಾಸಿಂಗ್. ನೋವಿಗೆ ಅವಳ ಮುಖ ಬೂದಿಯಾಗಿತ್ತು. ‘ನನ್ನೆದುರು ಗೊತ್ತಿಲ್ಲ ಅಂದ್ಲು. ಆದ್ರೆ ಮನೆಗೆ ಹೋಗಿ ಅಮ್ಮನ ಹತ್ರ ಹೇಳಿದ್ಲಂತೆ, ಏನೂ ಆಗಲ್ಲ, ಗಟ್ಟಿಯಾಗಿದೆ ಅಂತ. ಮೆರ್ಲಿಂಡಾನೇ ಹೇಳಿದ್ಲು. ಅಲ್ವೇನೇ ಮೆರ್ಲಿಂಡಾ?’

ನೆರ್ಲಿಂಡಾ ಅಮ್ಮನ ಕಡೆ ತಿರುಗಿದಳು. ಅಮ್ಮ ಚರಂಡಿಯ ಕಡೆ ನೋಡುತ್ತಿದ್ದಳು.

ಆ ಕ್ಷಣದಲ್ಲಿ ಒಂದು ಮಾತು ಸಾಕಾಗಿತ್ತು. ‘ಸುಳ್ಳು, ನಾನು ಹೇಳಿಲ್ಲ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಡುಬೀದಿಯಲ್ಲಿ, ಎಲ್ಲರೆದುರು, ಹೆತ್ತವಳನ್ನು ಸುಳ್ಳಿ ಅನ್ನುವ ಮಗಳು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಬೇಕಿತ್ತು ಅಂತ ನನಗನ್ನಿಸುತ್ತದೆ. ನೆರ್ಲಿಂಡಾ ಆ ಮಾತನ್ನು ನುಂಗಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಅವಳ ಮೌನವನ್ನು ತಪ್ಪೊಪ್ಪಿಗೆ ಅಂದುಕೊಂಡು ಮನೆಗೆ ಹೋದರು.

ಗೇಟಿನೊಳಗೆ ಬಂದ ಕೂಡಲೇ ಅವಳು ಕಟ್ಟೊಡೆದಳು.

‘ನಾನು ಯಾವಾಗ ಹೇಳ್ದೆ? ಯಾವಾಗಮ್ಮ? ನಾನು ಗೊತ್ತಿಲ್ಲ ಅಂದೆ, ದಮ್ಮಯ್ಯ ಅಂದೆ!’

‘ಅಷ್ಟು ಜನದ ಮುಂದೆ ಕೇಳಿದ್ಲು’ ಅಂದಳು ಮೆರ್ಲಿಂಡಾ. ‘ಮೀನಿನವಳು ಇದ್ಲು, ತರಕಾರಿಯವಳು ಇದ್ಲು. ಮೂರು ವರ್ಷ ಓದಿರೋ ನನ್ನ ಮಗಳಿಗೆ ಗೊತ್ತಿಲ್ಲ ಅಂತ ನಾನು ಹೇಗೆ ಹೇಳ್ಲಿ?’

‘ಅವರ ಕೈ ಬೆಂದುಹೋಗಿದೆ! ನಿನ್ನ ಜಂಬಕ್ಕೆ!’

‘ಗೊತ್ತು.’

‘ಗೊತ್ತಿದ್ರೆ ಹೋಗಿ ಹೇಳು!’

ಮೆರ್ಲಿಂಡಾ ಗೇಟಿನಲ್ಲಿ ಉಳಿದಿದ್ದ ತಂತಿಯ ತುಂಡನ್ನು ಬಿಚ್ಚತೊಡಗಿದಳು. ‘ಈಗ ನೀನು ಕಾಲೇಜು ಬಿಟ್ಟು ಮನಿಲಾಗೆ ಹೋದ್ರೆ, ಮುದುಕಿ ಮಾಡು ಕೆಡವಿ ಓಡಿಹೋದ್ಲು ಅಂತಾರೆ. ಹುಷಾರು’ ಅಂದಳು. ಹೆದರಿಸಲು ಹೇಳಿದಳೋ, ತಾನೇ ಹೆದರಿ ಹೇಳಿದಳೋ, ಅಂತೂ ಹೇಳಿದ್ದು ನಿಜವಾಗಿತ್ತು. ಉಳಿದರೆ ಮಾಡು ಕೆಡವಿದ ಇಂಜಿನಿಯರ್, ಹೋದರೆ ಓಡಿಹೋದ ಇಂಜಿನಿಯರ್. ಅತ್ತ ದರಿ, ಇತ್ತ ಪುಲಿ. ಆಗಬಾರದು ಎಂದುಕೊಂಡದ್ದನ್ನು ಅವಳು ಆಗದೆಯೇ ಆಗಿಬಿಟ್ಟಿದ್ದಳು.

ಅಪ್ಪ ಹೊರಗೆ ಟ್ರೈಸಿಕಲ್ಲಿನ ಸೀಟಿನ ಮೇಲೆ ಕೂತಿದ್ದ. ಅವಳು ಹೋಗಿ ಎದುರಿಗೆ ನಿಂತಳು.

‘ನೀವಾದ್ರೂ ಹೇಳಿ. ಹೋಗ್ಲಾ ಬೇಡ್ವಾ?’

‘ಹೋಗು ಅನ್ನೋಕೆ ನಾಲಿಗೆ ಹೊರಳಲ್ಲ’ ಅಂದ ನೆಸ್ತೋರ್. ‘ನಿನ್ನನ್ನ ಕೇಳೋರೇ ಇಲ್ಲದ ಒಂದು ದಿನ ಬರುತ್ತೆ ಮಗಳೇ. ಕೈ ಹಾಗೇ ಇರುತ್ತೆ, ಕೆಲಸ ಇರಲ್ಲ. ಆ ದಿನ ನಿನಗೆ ಬೇಡ. ಬೇಡ, ಹೋಗ್ಬೇಡ ಅನ್ನೋಕೂ...’ ಅವನು ತಲೆ ಅಲ್ಲಾಡಿಸಿದ. ‘ಅದಕ್ಕೂ ಹೊರಳಲ್ಲ.’

‘ಗೇಟಿಗೆ ನನ್ನನ್ನ ನೇತುಹಾಕೋಕೆ ಕೈ ಬಂತು, ಒಂದು ಮಾತಾಡೋಕೆ ಬಾಯಿ ಬರಲ್ವಾ ಅಪ್ಪಾ?’

ಅಂದ ಮೇಲೆ ಅವಳಿಗೇ ಕೆಡುಕೆನಿಸಿತು. ಆದರೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ನೆಸ್ತೋರ್ ಇಂಜಿನ್ ಶುರುಮಾಡಿ, ಸವಾರಿಯಿಲ್ಲದೆ, ಸುಮ್ಮನೆ ಬೀದಿಗುಂಟ ಹೊರಟುಹೋದ.

ಮುಂದಿನ ದಿನಗಳಲ್ಲಿ ಟ್ರೈಸಿಕಲ್ ನಿಲ್ದಾಣದಲ್ಲಿ ಯಾರೂ ಸಲಾಮು ಹೊಡೆಯಲಿಲ್ಲ. ಅವಳು ಬರುವುದು ಕಂಡರೆ ಮಾತು ನಿಲ್ಲುತ್ತಿತ್ತು, ಹಾದುಹೋದ ಮೇಲೆ ‘ಇಂಜಿನಿಯರ್’ ಎಂಬ ಒಂದು ಶಬ್ದವೂ, ಹಿಂದೆಯೇ ಒಂದು ನಗುವೂ ಬೆನ್ನಿಗೆ ಬಂದು ತಾಕುತ್ತಿದ್ದವು. ಅವಳು ಬೆನ್ನು ಬಗ್ಗಿಸಲಿಲ್ಲ. ಆಲಿಂಗ್ ಪಾಸಿಂಗ್‌ಳ ಮನೆಗೆ ದಿನಾ ಹೋಗಿ ಪಾತ್ರೆ ತೊಳೆದು, ಮುದುಕಿಯ ತಲೆ ಬಾಚಿ ಬಂದಳು. ಮುದುಕಿ ಬೈಯಲಿಲ್ಲ. ಅದೇ ತಡೆಯಲಾಗದೆ ಹೋಯಿತು. ‘ಹೋಗ್ಲಿ ಬಿಡು, ಚಿಕ್ಕೋಳು ನೀನು, ಮುಂದೆ ಚೆನ್ನಾಗಿ ಕಲೀತೀಯ’ ಅಂದುಬಿಟ್ಟಳು.

ಕಲಿಯಲೇಬೇಕು ಎಂದು ಆಗಲೇ ಅವಳಿಗೆ ಅನ್ನಿಸಿದ್ದು. ಮಾರನೆಯ ದಿನ ಕಲಾಶಾಲೆಗೆ ಉತ್ತರ ಹೇಳಬೇಕಾದ ದಿನವೂ ಬಂತು. ಹೋಗುವುದಿಲ್ಲ, ಇಂಜಿನಿಯರಿಂಗ್ ಮುಗಿಸಿ, ಒಂದು ದಿನ ಈ ಮುದುಕಿಗೆ ಬೀಳದ ಮಾಡು ಕಟ್ಟಿಕೊಟ್ಟು, ಈ ಜನದ ಬಾಯಿ ಮುಚ್ಚಿಸುತ್ತೇನೆ. ಸಿಟ್ಟಿನಲ್ಲೇ ತೀರ್ಮಾನ ಮಾಡಿದಳು, ಸಿಟ್ಟಿನಲ್ಲೇ ಪೇಟೆಯ ಕಡೆ ನಡೆದಳು. ‘ಗೆದ್ದೆಯಲ್ಲಮ್ಮ, ತಗೋ’ ಎಂದು ಅಮ್ಮನ ಮುಖದ ಮೇಲೆ ಹೇಳಿ ಬರಬೇಕೆಂಬುದು ಅವಳ ಮನಸ್ಸು.

ಲೊಂಗನಿಸಾ ಅಂಗಡಿ ಇನ್ನೂ ದೂರ ಇರುವಾಗಲೇ ಅಮ್ಮನ ದನಿ ಕೇಳಿತು. ದರ ಕೂಗುವ ದನಿ, ಆದರೆ ಕೂಗುತ್ತಿದ್ದದ್ದು ದರ ಅಲ್ಲ. ನೆರ್ಲಿಂಡಾ ಮೀನಿನ ಸಾಲಿನ ಕಂಬದ ಮರೆಯಲ್ಲಿ ನಿಂತಳು.

‘ಆಲಿಂಗ್ ಪಾಸಿಂಗ್ ಹತ್ರ ಬೆಳಿಗ್ಗೇನೇ ಹೋಗಿ ಹೇಳ್ಬಂದೆ, ಕಾಲು ಹಿಡಿದು ಬಂದೆ. ಈಗ ನಿಮಗೆ ಹೇಳ್ತಿದ್ದೀನಿ. ನನ್ನ ಮಗಳು ಗಟ್ಟಿಯಾಗಿದೆ ಅಂತ ಹೇಳ್ಲೇ ಇಲ್ಲ, ಹೇಳದ ಮಾತಿಗೆ ದಿನಾ ಹೋಗಿ ಮುದುಕಿ ಪಾತ್ರೆ ತೊಳೀತಿದ್ದಾಳೆ. ನಾನು ಹೇಳಿದ್ದು. ಇದೇ ಜಾಗದಲ್ಲಿ ನಿಂತು ಸುಳ್ಳು ಹೇಳ್ದೆ. ನೀನೂ ಇದ್ದೆ, ಅವಳೂ ಇದ್ಲು. ಅದನ್ನ ಎಲ್ಲಾ ಕಡೆ ಹಂಚಿದ್ರಲ್ಲ, ಇದನ್ನೂ ಹಂಚಿ.’

ಅಮ್ಮನ ಮುಖ ಕೆಂಪಾಗಿತ್ತು. ಕೈ ಮಾತ್ರ ನಿಂತಿರಲಿಲ್ಲ, ಕರುಳಿಗೆ ಮಾಂಸ ತುಂಬಿ ಗಂಟು ಹಾಕುತ್ತಲೇ ಇತ್ತು. ಗಿರಾಕಿಗಳು ಮುಖ ಮುಖ ನೋಡಿಕೊಂಡರು.

ಪಕ್ಕದ ಮೀನಿನವಳು ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು, ‘ಹಾಗಾದ್ರೆ ನಿನ್ನ ಮಗಳು ಇಂಜಿನಿಯರ್ ಅಲ್ವೇನೇ?’

‘ಅಲ್ಲ.’

‘ಮುಂದೆ ಆಗ್ತಾಳಾ?’

‘ಇಲ್ಲ. ಅವಳಿಗೆ ಬೇಡ್ವಂತೆ.’

‘ಅಯ್ಯೋ ದೇವ್ರೇ. ಮತ್ತೆ ಅವಳನ್ನ ಏನು ಅಂತ ಕರೆಯೋದು?’

ಮೆರ್ಲಿಂಡಾ ಕೈಯಲ್ಲಿದ್ದ ಮಾಲೆಯನ್ನು ಹಲಗೆಯ ಮೇಲೆ ಬಡಿದಳು. ‘ನನ್ನ ಮಗಳು ಅಂತ ಕರಿ! ಸಾಲದಾ? ಇನ್ನೂ ಏನಾದ್ರೂ ಅಂಟಿಸ್ಬೇಕಾ ನಿನಗೆ?’

ಮೀನಿನವಳು ತನ್ನ ಮೀನಿನ ಮೇಲೆ ನೀರು ಚಿಮುಕಿಸತೊಡಗಿದಳು.

ನೆರ್ಲಿಂಡಾ ಕಂಬದ ಮರೆಯಿಂದ ಹೊರಗೆ ಬಂದಳು. ಅಮ್ಮ ಅವಳನ್ನು ನೋಡಿದಳು. ನೋಡಿದ್ದು ಪ್ರೀತಿಯಿಂದಲ್ಲ. ತನ್ನ ಮಾನವನ್ನು ತಾನೇ ಬೀದಿಗೆ ಚೆಲ್ಲಿಕೊಂಡ ಹೆಂಗಸು, ಅದಕ್ಕೆ ಕಾರಣಳಾದವಳನ್ನು ನೋಡುವ ಹಾಗೆ ನೋಡಿದಳು.

‘ಏನು ಬಂದೆ?’

ಗಂಟಲಲ್ಲಿ ತಂದಿದ್ದ ಮಾತು ಬೇರೆ ಇತ್ತು. ಬಾಯಿಗೆ ಬಂದದ್ದು ಬೇರೆ.

‘ಮನಿಲಾದವರಿಗೆ ಬರ್ತೀನಿ ಅಂತ ಹೇಳ್ತಿದ್ದೀನಿ. ಇವತ್ತೇ.’

‘ಹೇಳು. ನಾನು ಬೇಡ ಅಂದ್ರೆ ಬಿಡ್ತೀಯಾ?’ ಮೆರ್ಲಿಂಡಾ ಮೂಗು ಒರೆಸಿಕೊಂಡಳು. ‘ಒಳ್ಳೇದಾಗುತ್ತೆ ಅಂತ ನಾನು ಹೇಳಲ್ಲ. ನನಗಿನ್ನೂ ಸಿಟ್ಟಿದೆ.’

‘ನನಗೂ ಇದೆ ಅಮ್ಮ.’

‘ಇರ್ಲಿ.’

ಅಷ್ಟರಲ್ಲಿ ಏನೂ ಅರಿಯದ ಹೊಸ ಗಿರಾಕಿಯೊಬ್ಬಳು ಬಂದು ಬುಟ್ಟಿ ಮುಂದೆ ಮಾಡಿ, ಒಂದು ಕಿಲೋ ಕೊಡು ಅಂದಳು.

‘ಕೊಡ್ತೀನಿ’ ಎಂದಳು ಮೆರ್ಲಿಂಡಾ, ದನಿ ಏರಿಸಿ. ‘ಮೊದ್ಲು ಇದನ್ನ ಕೇಳು. ಲೋಮಿ ಅಂಗಡಿ ಟ್ಯಾಂಕು ಬಿತ್ತಲ್ಲ, ಅವತ್ತು ಸುಳ್ಳು ಹೇಳಿದ್ದು ನಾನು.’